ಮದುವಿ ವಿಡಿಯೋ ಮಿಣಮಿಣ ಅಂತೈತಾ? ಎಡಿಟಿಂಗ್‌ದಾಗ ಹಿಂಗ್ ಸರಿ ಮಾಡ್ರಿ

ಕೊಪ್ಪಳ, ಗಂಗಾವತಿ ಕಡೆ ಕಲ್ಯಾಣ ಮಂಟಪದಾಗ ಶೂಟ್ ಮಾಡಿದ ವಿಡಿಯೋ ಟೈಮ್‌ಲೈನ್‌ಗೆ ಹಾಕಿದ ಕೂಡ್ಲೆ ಮಿಣುಕ್ತೈತಿ, ಇಲ್ಲಾ ಮ್ಯಾಲಿಂದ ಕೆಳಗ ಕರೇ ಪಟ್ಟಿ ಓಡ್ತೈತಿ ಅಂತ ಭಾಳ ಮಂದಿ ಕೇಳ್ತಾರ. ಸಾಫ್ಟ್‌ವೇರ್ ಬೈಯೋಕಿಂತ ಮೊದ್ಲ ಒಂದ್ ಕೆಲಸ ಮಾಡ್ರಿ, ಒರಿಜಿನಲ್ ಕ್ಲಿಪ್ ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್ ಒಳಗ ಓಪನ್ ಮಾಡಿ ನೋಡ್ರಿ.

ಅಲ್ಲಿ ಕ್ಲೀನ್ ಇದ್ದು ಎಡಿಟರ್ ಒಳಗ ಅಷ್ಟ ಮಿಣುಕಿದ್ರ ತಪ್ಪು ಫುಟೇಜ್‌ದಲ್ಲ, ಪ್ಲೇಬ್ಯಾಕ್‌ದು. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಅಡೋಬಿ ಪ್ರೀಮಿಯರ್ ಇದ್ರ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಜನರಲ್ ಒಳಗ ರೆಂಡರರ್ ಅನ್ನು ಸಾಫ್ಟ್‌ವೇರ್ ಓನ್ಲಿ ಮಾಡಿ ನೋಡ್ರಿ, ಮಿಣುಕು ನಿಂತ್ರ ಗ್ರಾಫಿಕ್ಸ್ ಕಾರ್ಡ್ ಡ್ರೈವರ್ ಅಪ್‌ಡೇಟ್ ಮಾಡ್ಬೇಕು ಅಂತ ಅರ್ಥ, ಮೀಡಿಯಾ ಕ್ಯಾಶ್ (ಸಾಫ್ಟ್‌ವೇರ್ ತಾನ ಮಾಡಿಟ್ಟ ತಾತ್ಕಾಲಿಕ ಫೈಲ್) ಕೂಡ ಡಿಲೀಟ್ ಮಾಡ್ರಿ. ಮೊಬೈಲ್ ಕ್ಲಿಪ್ ಆಗಿದ್ರ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು) ಹೆಚ್ಚುಕಮ್ಮಿ ಆಗ್ತಿರ್ತೈತಿ, ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಕನ್ವರ್ಟರ್ ಒಳಗ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಕನ್ವರ್ಟ್ ಮಾಡಿ ಆಮ್ಯಾಲ ಇಂಪೋರ್ಟ್ ಮಾಡ್ರಿ.

ವಿಎಲ್‌ಸಿ ಒಳಗೂ ಮಿಣುಕಿದ್ರ ಅದು ಶೂಟಿಂಗ್‌ದಾಗ ಬಂದಿದ್ದು, ಹೆಚ್ಚಿನ ಮದುವಿ ವಿಡಿಯೋದಾಗ ಇದ ಇರ್ತೈತಿ. ನಮ್ಮ ಕರೆಂಟ್ 50 ಹರ್ಟ್ಜ್, ಅಂದ್ರ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಎಲ್ಲಾ ಸೆಕೆಂಡಿಗೆ 100 ಸಲ ಮಂದ ಆಗಿ ಮತ್ತ ಬೆಳಗ್ತಾವ. ನಿಮ್ಮ ಕ್ಯಾಮೆರಾ 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್), ಶಟರ್ (ಒಂದ್ ಫ್ರೇಮಿಗೆ ಬೆಳಕು ಬೀಳೋ ಹೊತ್ತು) 1/60 ಸೆಕೆಂಡ್ ಇದ್ರ ಲೆಕ್ಕ ಕೂಡಂಗಿಲ್ಲ, ಒಂದ್ ಫ್ರೇಮಿಗೆ ಬೆಳಕು ಜಾಸ್ತಿ ಇನ್ನೊಂದಕ್ಕ ಕಮ್ಮಿ. ಶಟರ್ 1/50 ಇಲ್ಲಾ 1/100 ಇಟ್ರ ಪ್ರತಿ ಫ್ರೇಮಿಗೂ ಸಮ ಬೆಳಕು ಸಿಗ್ತೈತಿ, ಆವಾಗ 30 ಎಫ್‌ಪಿಎಸ್ ಇದ್ರೂ ನಡೀತೈತಿ, ಆದ್ರ ನಾ ಅಂತೂ 25 ಎಫ್‌ಪಿಎಸ್, 1/50 ಅಂತಾನ ಹೇಳ್ತೀನಿ. ಐಫೋನ್‌ದಾಗ ರೆಕಾರ್ಡ್ ವಿಡಿಯೋ ಸೆಟ್ಟಿಂಗ್ ಒಳಗ ಪಾಲ್ ಫಾರ್ಮ್ಯಾಟ್ಸ್ ಆನ್ ಮಾಡಿದ್ರ 25 ಸಿಗ್ತೈತಿ. ಹಾಲ್ ಒಳಗ 120 ಎಫ್‌ಪಿಎಸ್ ಸ್ಲೋಮೋ ಮಾತ್ರ ಬ್ಯಾಡ್ರಿ, ಅದ್ರಾಗ 1/100 ಶಟರ್ ಸಿಗೋದ ಇಲ್ಲ, ಬಿಸಿಲಾಗ ತಗೀರಿ.

ಈಗ ಶೂಟ್ ಆಗಿ ಹೋಗೈತಿ, ತಾಳಿ ಕಟ್ಟೋದನ್ನ ಮತ್ತೊಮ್ಮೆ ತಗಿಯಾಕ ಬರಂಗಿಲ್ಲ, ಏನ್ ಮಾಡೋದು? ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ರೊಕ್ಕ ಕೊಡೋ ಸ್ಟುಡಿಯೋ ವರ್ಷನ್ ಇದ್ರ ಡಿಫ್ಲಿಕರ್ ಎಫೆಕ್ಟ್ ಹಾಕಿ ಫ್ಲೋರೋ ಲೈಟ್ ಆರಿಸ್ರಿ, ಭಾಳಷ್ಟು ಅಲ್ಲೇ ಹೋಗ್ತೈತಿ. ರೊಕ್ಕ ಕೊಡಾಕ ಆಗಂಗಿಲ್ಲ ಅಂದ್ರ ಈ ಉಪಾಯ ಮಾಡ್ರಿ, ಯಾವ ಎಡಿಟರ್‌ದಾಗ ಲೇಯರ್ ಇರ್ತಾವೋ ಅದ್ರಾಗ ಆಗ್ತೈತಿ. 30 ಎಫ್‌ಪಿಎಸ್ ಕ್ಲಿಪ್‌ದಾಗ ಈ ಮಿಣುಕು ಮೂರು ಫ್ರೇಮಿಗೊಮ್ಮೆ ತಿರುಗಿ ಬರ್ತೈತಿ, ಯಾಕಂದ್ರ ಮೂರು ಫ್ರೇಮ್ ಹೊತ್ತಿನ್ಯಾಗ ಲೈಟ್ ಸರಿಯಾಗಿ ಹತ್ತು ಸಲ ಮಿಣುಕಿರ್ತೈತಿ. ಅದಕ್ಕ ಅದೇ ಕ್ಲಿಪ್ ಕಾಪಿ ಮಾಡಿ ಮೂರು ಲೇಯರ್ ಇಡ್ರಿ, ಕೆಳಗಿಂದು 100 ಪರ್ಸೆಂಟ್ ಒಪ್ಯಾಸಿಟಿ (ಲೇಯರ್ ಎಷ್ಟು ಗಟ್ಟಿ ಕಾಣ್ತೈತಿ ಅನ್ನೋದು), ನಡುವಿಂದು ಒಂದ್ ಫ್ರೇಮ್ ಸರಿಸಿ 50, ಮ್ಯಾಲಿಂದು ಎರಡು ಫ್ರೇಮ್ ಸರಿಸಿ 33. ಮೂರೂ ಸಮ ಪಾಲಾಗಿ ಕೂಡ್ತಾವ, ಪಟ್ಟಿ ಕರಗಿ ಹೋಗ್ತೈತಿ. ಟೈಮ್‌ಲೈನ್ ಕೂಡ 30 ಇರ್ಬೇಕು, 25 ಇಟ್ರ ಈ ಲೆಕ್ಕ ಕೆಡ್ತೈತಿ. ಮತ್ತ ಕಲರ್ ಮಾಡೋಕಿಂತ ಮೊದ್ಲ ಇದನ್ನ ಮಾಡ್ಬೇಕು. ಅಕ್ಕಿಕಾಳು ಹಾಕೋವಾಗ ಕೈ ಜೋರ್ ಆಡ್ತಾವಲ್ಲ, ಅಲ್ಲಿ ನೆರಳ್ ನೆರಳ್ ಆಗಿ ಕಾಣ್ತೈತಿ, ಹಂಗಾಗಿ ಸ್ಟೇಜ್ ಮ್ಯಾಲ ಕುಂತಿರೋ ಶಾಟ್‌ಗಳಿಗಷ್ಟ ಹಾಕ್ರಿ.

ಇಳಕಲ್ ಸೀರಿ ಸಣ್ಣ ಗೆರಿ ಅಷ್ಟ ಕುದೀದಂಗ ಕಂಡ್ರ ಅದು ಲೈಟಿಂದಲ್ಲ, 4ಕೆ ಫುಟೇಜ್ ಸಣ್ಣ ಮಾಡಿದಾಗ ಬರೋದು. ಪ್ರೀಮಿಯರ್ ಮೋಶನ್ ಒಳಗಿನ ಆ್ಯಂಟಿ ಫ್ಲಿಕರ್ ಸ್ವಲ್ಪ ಏರಿಸ್ರಿ, ಇಲ್ಲಾ ಸೀರಿ ಭಾಗಕ್ಕ ಅಷ್ಟ ಮಾಸ್ಕ್ ಹಾಕಿ ತುಸು ಬ್ಲರ್ ಮಾಡ್ರಿ.

ಒಂದ್ ಮಾತ್ ಉಳೀತು, ಜನರೇಟರ್. ನಡುವ ಕರೆಂಟ್ ಹೋಗಿ ಮಂಟಪ ಡೀಸೆಲ್ ಮ್ಯಾಲ ನಡದ್ರ ಲೋಡ್ ಪ್ರಕಾರ 50 ಹರ್ಟ್ಜ್ ಅತ್ತಿತ್ತ ಆಗ್ತೈತಿ, 1/50 ಇಟ್ಟಿದ್ರೂ ಪಟ್ಟಿ ನಿಧಾನಕ್ಕ ತೇಲ್ತೈತಿ, ಮೂರು ಲೇಯರ್ ಉಪಾಯನೂ ಅಲ್ಲಿ ಪೂರಾ ಹಿಡಿಯಂಗಿಲ್ಲ. ಅದಕ್ಕ ಜನರೇಟರ್ ಸೌಂಡ್ ಕೇಳಿದ ಕೂಡ್ಲೆ ನಿಮ್ಮ ಬ್ಯಾಟರಿ ವಿಡಿಯೋ ಲೈಟ್ ಹಚ್ಚಿ ಮುಖದ ಮ್ಯಾಲ ಬಿಡ್ರಿ.