ರೋಗ ಹುಡುಕುವ ಮೊದಲು ಇಸಿಜಿ ನಂಬುವಂತಿದೆಯೇ ನೋಡಿ

ತಾಲ್ಲೂಕು ಆಸ್ಪತ್ರೆಯ ಇಸಿಜಿ ಕೋಣೆಯಲ್ಲಿ ನನ್ನ ಕೆಲಸ. ಮಂಚ ಹತ್ತುವ ಮೊದಲು ವಯಸ್ಸಾದವರು ಕೇಳುವುದು ಒಂದೇ: "ಕರೆಂಟ್ ಹೊಡೀತದಾ ಮಗಾ?" "ಇಲ್ಲ ಕಣಜ್ಜಿ, ಮಿಷಿನ್ ನಿಮಗೇನೂ ಕೊಡಲ್ಲ, ನಿಮ್ಮ ಎದೆಯಲ್ಲಿ ಓಡೋ ಕರೆಂಟನ್ನ ಬರ್ಕೊಳ್ಳುತ್ತೆ ಅಷ್ಟೆ" ಅನ್ನುತ್ತೇನೆ. ಬರೀ ಸಮಾಧಾನಕ್ಕಲ್ಲ. ಹೆದರಿ ಮೈ ಬಿಗಿಹಿಡಿದರೆ ಸ್ನಾಯುಗಳ ನಡುಕವೂ ಕಾಗದಕ್ಕೆ ಇಳಿದು, ಹೃದಯದ ಮೇಲಿನ ಕೋಣೆಗಳ ಕರೆಂಟ್ ತೋರಿಸುವ ಪುಟ್ಟ ಪಿ ಅಲೆ ಅದರಲ್ಲೇ ಮುಚ್ಚಿಹೋಗುತ್ತದೆ.

ಬಲಗೈಗೆ ಕೆಂಪು ಕ್ಲಿಪ್, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಬಳೆ ಕಳಚಬೇಕಿಲ್ಲ, ಕ್ಲಿಪ್ಪಿಗೆ ತಾಗದಂತೆ ಮೇಲೆ ಸರಿಸಿದರೆ ಸಾಕು. ಎದೆಗೆ ಹಚ್ಚುವ, ವಿ1ರಿಂದ ವಿ6 ಎಂಬ ಹೆಸರಿನ ಆರು ರಬ್ಬರ್ ಬಲ್ಬುಗಳಿಗೆ ಮಾತ್ರ ಅವಸರ ಮಾಡುವುದಿಲ್ಲ. ಕತ್ತಿನ ಗುಳಿಯಿಂದ ಎದೆಮೂಳೆಯ ಮೇಲೆ ಬೆರಳು ಜಾರಿಸಿದರೆ ಒಂದು ಉಬ್ಬು ಸಿಗುತ್ತದೆ. ಅದಕ್ಕೆ ಬಂದು ಸೇರುವುದು ಎರಡನೇ ಪಕ್ಕೆಲುಬು, ಅದರ ಕೆಳಗೆ, ಮುಂದಿನ ಪಕ್ಕೆಲುಬಿನವರೆಗಿನ ಜಾಗ ಎರಡನೇ ಸಂದು. ಎಣಿಸುತ್ತಾ ಇಳಿದು ನಾಲ್ಕನೇ ಸಂದಿನಲ್ಲಿ ಎದೆಮೂಳೆಯ ಬಲಕ್ಕೆ ವಿ1, ಎಡಕ್ಕೆ ವಿ2. ಎಡ ಕಾಲರ್ ಬೋನ್ ನಡುವಿನಿಂದ ನೇರ ಕೆಳಗೆ, ಐದನೇ ಸಂದಿನಲ್ಲಿ ವಿ4. ವಿ2, ವಿ4 ಮಧ್ಯೆ ವಿ3. ವಿ5, ವಿ6 ಅದೇ ಮಟ್ಟದಲ್ಲಿ ಕಂಕುಳ ಕಡೆಗೆ. ಕಣ್ಣಳತೆಯಲ್ಲೇ ಹಚ್ಚುವವರು ಬಹಳ. ವಿ1, ವಿ2 ಒಂದು ಸಂದು ಮೇಲೆ ಹೋದರೂ ಆಗದ ಹಾರ್ಟ್ ಅಟ್ಯಾಕ್ ಆಗಿದೆಯೇನೋ ಎಂಬಂತೆ ಕಾಣಬಹುದು.

ಕಾಗದ ಬಂದ ಕೂಡಲೇ ವೇಗ ಸೆಕೆಂಡಿಗೆ 25 ಮಿ.ಮೀ., ಎತ್ತರ ಮಿಲಿವೋಲ್ಟಿಗೆ 10 ಮಿ.ಮೀ. ಇದೆಯೇ ನೋಡುತ್ತೇನೆ. ಆಮೇಲೆ ಲೀಡ್ 1, ಅಂದರೆ ಎರಡು ಕೈಗಳ ವೈರ್‌ಗಳ ನಡುವೆ ಬರೆದ ಗೆರೆ. ಅದರಲ್ಲಿ ಪಿ ಸಮೇತ ಎಲ್ಲವೂ ತಲೆಕೆಳಗಾಗಿದ್ದರೆ ಸಾಮಾನ್ಯವಾಗಿ ಕೈಗಳ ವೈರ್ ಅದಲುಬದಲಾಗಿರುತ್ತದೆ. ಹೃದಯವೇ ಬಲಗಡೆ ಇರುವವರೂ ಉಂಟು. ಅವರಲ್ಲಿ ವಿ6ರತ್ತ ಹೋದಂತೆ ಅಲೆ ಕುಗ್ಗುತ್ತದೆ.

ಪ್ರತಿ ಬಡಿತದಲ್ಲೂ ಮೇಲಕ್ಕೇಳುವ ಚೂಪು ಅಲೆಯೇ ಆರ್. ಅಕ್ಕಪಕ್ಕದ ಎರಡು ಆರ್ ತುದಿಗಳ ನಡುವಿನ ದೊಡ್ಡ ಚೌಕಗಳಿಂದ 300ನ್ನು ಭಾಗಿಸಿದರೆ ನಿಮಿಷದ ಬಡಿತ. ನಾಲ್ಕು ಚೌಕವೆಂದರೆ 75. ಬಡಿತ ಹಿಂದೆಮುಂದೆ ಆಗುತ್ತಿದ್ದರೆ ಈ ಲೆಕ್ಕ ನಡೆಯದು. ಆಗ 10 ಸೆಕೆಂಡಿನ ಪಟ್ಟಿಯಲ್ಲಿ ಆರ್ ಎಣಿಸಿ ಆರರಿಂದ ಗುಣಿಸುತ್ತೇನೆ.

ಎದೆನೋವಿನವರಲ್ಲಿ ಹೃದಯದ ತಳಭಾಗವನ್ನು ತೋರಿಸುವ ಲೀಡ್ 2, 3, ಎವಿಎಫ್‌ನಲ್ಲಿ ಎಸ್‌ಟಿ, ಅಂದರೆ ಚೂಪು ಅಲೆಯ ನಂತರದ ಗೆರೆ, ಮೇಲೆದ್ದಿದ್ದರೆ ಡಾಕ್ಟರನ್ನು ಕರೆಯುತ್ತಲೇ ವಿ4 ಬಲ್ಬನ್ನು ಎದೆಯ ಬಲಕ್ಕೆ, ಅದೇ ಮಟ್ಟಕ್ಕೆ ಹಚ್ಚಿ ಇನ್ನೊಂದು ತೆಗೆಯುತ್ತೇನೆ. ಹೃದಯದ ಬಲಭಾಗಕ್ಕೂ ಪೆಟ್ಟು ಬಿದ್ದಿದ್ದರೆ ಅಲ್ಲಿ ಗೊತ್ತಾಗುತ್ತದೆ. ಅಂಥವರಿಗೆ ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆಯನ್ನು ನಾಲಿಗೆಯಡಿ ಇಟ್ಟರೆ ಬಿಪಿ ದಢಕ್ಕನೆ ಇಳಿಯಬಹುದು. ಆ ಕಾಗದದ ಮೇಲೆ ಸಮಯ ಹಾಕಿ, ಪೆನ್ನಿನಲ್ಲಿ ದಪ್ಪಗೆ 'ವಿ4ಆರ್' (ಬಲಗಡೆಯ ವಿ4) ಎಂದು ಬರೆದೇ ಕೊಡುತ್ತೇನೆ. ಮಿಷಿನ್‌ಗೆ ಬಲ್ಬು ಜಾಗ ಬದಲಿಸಿದ್ದು ತಿಳಿಯುವುದಿಲ್ಲ, ವಿ4 ಎಂದೇ ಅಚ್ಚು ಹಾಕಿರುತ್ತದೆ.