ಅಜ್ಜನ ದೀಪಗಳಿಗೆ ಬೆಲೆ ಕಟ್ಟಿದ್ದು ಹೀಗೆ

ಬೆಳಗಾವಿಯ ಮನೆಯ ಅಟ್ಟದ ಮೇಲೆ ಅಜ್ಜ ಬಿಟ್ಟುಹೋದ 23 ದೀಪ: ಕಂದೀಲು, ಮೇಜಿನ ದೀಪ, ಎರಡು ಪೆಟ್ರೋಮ್ಯಾಕ್ಸ್. ಎಂಟು ತಿಂಗಳಾದರೂ ವ್ಯಾಪಾರ ಕುದುರಲಿಲ್ಲ. ಮೋಡಕಾದವರು (ಗುಜರಿಯವರು) ಹಿತ್ತಾಳೆಯ ತೂಕಕ್ಕೆ ಕೇಳಿದರು. ನೆಟ್‌ನಲ್ಲಿ ಬೇರೆಯವರು ಹಾಕಿದ ಬೆಲೆಯನ್ನೇ ಹಾಕಿದೆ, ಒಂದು ಫೋನೂ ಬರಲಿಲ್ಲ. ಬ್ರಾಸೋ ಹಚ್ಚಿ ಎರಡನ್ನು ತಿಕ್ಕಿದ್ದಂತೂ ಶುದ್ಧ ತಪ್ಪು. ಹಳೇ ಕಪ್ಪು ಹೋಗಿ ನಿನ್ನೆ ಎರಕ ಹೊಯ್ದಂತೆ ಕಂಡವು.

ದಾರಿ ಸಿಕ್ಕಿದ್ದು ಬರ್ನರ್, ಅಂದರೆ ಬತ್ತಿ ಕೂರುವ ಲೋಹದ ಭಾಗ, ಬಿಚ್ಚಿದಾಗ. ಮೊದಲು ಗಾಜು ತೆಗೆದಿಡಿ. ಬರ್ನರನ್ನು ಎಡಕ್ಕೆ ತಿರುವಿ ಬಿಚ್ಚಿ. ಬತ್ತಿ ಏರಿಸುವ ಕಿವಿಯ ತುದಿಯಲ್ಲಿ ಪುಟ್ಟ ಬಿಲ್ಲೆ ಇರುತ್ತದೆ; ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಅಡ್ಡ ಹಿಡಿದರೆ ಅಕ್ಷರ ಎದ್ದು ಕಾಣುತ್ತವೆ. ನನ್ನದೊಂದರಲ್ಲಿ 'ಹಿಂಕ್ಸ್ ಡ್ಯೂಪ್ಲೆಕ್ಸ್' ಎಂದಿತ್ತು: ಬರ್ಮಿಂಗ್‌ಹ್ಯಾಮ್‌ನ ಜೋಡಿ ಬತ್ತಿಯ ಬರ್ನರ್, 1865ರ ಪೇಟೆಂಟ್. (ಪೇಟೆಂಟ್ ವರ್ಷ ದೀಪದ ವಯಸ್ಸಲ್ಲ. ನಾನೂ ಎಡವಿದ್ದೆ.) 'ಮೇಡ್ ಇನ್ ಜರ್ಮನಿ' ಎಂದಿದ್ದರೆ ಸಾಮಾನ್ಯವಾಗಿ ವಿದೇಶಿ ಸರಕಿನ ಮೇಲೆ ದೇಶದ ಹೆಸರು ಹಾಕಿಸಿದ 1887ರ ಬ್ರಿಟಿಷ್ ಕಾಯ್ದೆಯ ನಂತರದ್ದು.

ಆ ಹೆಸರನ್ನು ಇಬೇ ಎಂಬ ಮಾರಾಟದ ಜಾಲತಾಣದಲ್ಲಿ ಹುಡುಕಿ, ನಿಜಕ್ಕೂ ಮಾರಾಟವಾದವನ್ನಷ್ಟೇ ತೋರಿಸುವ 'ಸೋಲ್ಡ್ ಐಟಮ್ಸ್' ಫಿಲ್ಟರ್ ಹಾಕಿ. ಐದು ಬೆಲೆ ಬರೆದುಕೊಂಡು ನಡುವಿನದನ್ನು ಹಿಡಿಯಿರಿ. ಮೂಲ ಗಾಜು ಇಲ್ಲದಿದ್ದರೆ ನಾನು ಅರ್ಧ ಇಳಿಸಿದೆ. ಫೋಟೊದಲ್ಲಿ ಬಿಲ್ಲೆ ಮೊದಲು, ಬಿರುಕು ಎರಡನೆಯದು, ಇಡೀ ದೀಪ ಕೊನೆಗೆ. ಗಾಜು ಕೂರುವ ಬಾಯಿಯ ಅಳತೆಯನ್ನು ಮಿಲಿಮೀಟರಿನಲ್ಲೇ ಬರೆಯಿರಿ, ಗಿರಾಕಿ ಕೇಳುವ ಮೊದಲ ಪ್ರಶ್ನೆ ಅದೇ.

ಗುರುತಿದ್ದ ಏಳು ದೀಪ ಬಿಡಿಬಿಡಿಯಾಗಿ ಮೂರು ವಾರದಲ್ಲಿ ಹೋದವು. ಉಳಿದವನ್ನು ಒಬ್ಬ ಹೋಟೆಲಿನವರು ಅಲಂಕಾರಕ್ಕೆಂದು ಒಟ್ಟಿಗೆ ಒಯ್ದರು. 100 ವರ್ಷ ದಾಟಿದ್ದು 1972ರ ಪುರಾವಸ್ತು ಕಾಯ್ದೆಗೆ ಒಳಪಡಬಹುದು, ಹಾಗಾಗಿ ಹೊರದೇಶದ ಗಿರಾಕಿಗಳಿಗೆ ಕಳಿಸಲಿಲ್ಲ.