ಫಿಟ್ಸ್ ಪತ್ತೆ ಹಚ್ಚುವ ಹೆಡ್‌ಬ್ಯಾಂಡ್: ಮೊದಲು ತಲೆಯ ಎಣ್ಣೆ ತೆಗೆಯಿರಿ

ಮಂಡ್ಯ ಕಡೆಯ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಮೆದುಳಿನ ವಿದ್ಯುತ್ ಅಲೆ ಅಳೆಯುವ ನಮ್ಮ ಇಇಜಿ ಕೋಣೆಗೆ ಬಂದಿದ್ದರು. ಸಾಲ ಮಾಡಿ ಹೆಡ್‌ಬ್ಯಾಂಡ್ ಕೊಂಡಿದ್ದರು. 'ರಾತ್ರಿಯೆಲ್ಲಾ ಬಡ್ಕೊಳ್ತದೆ, ಫಿಟ್ಸ್ ಬಂದಾಗ ಮಾತ್ರ ಸುಮ್ನಿರ್ತದೆ ಕಣಣ್ಣ' ಅಂದರು. ಬಿಚ್ಚಿ ನೋಡಿದರೆ ಆ ಅಲೆ ಹಿಡಿಯುವ ಎಲೆಕ್ಟ್ರೋಡ್‌ಗಳ ಮೇಲೆಲ್ಲ ಕೊಬ್ಬರಿ ಎಣ್ಣೆ. ಯಂತ್ರ ಸರಿಯಾಗಿಯೇ ಇತ್ತು. ಮೈಸೂರಿನಲ್ಲಿ ಇಇಜಿ ತೆಗೆಯುವ ನಾನು ಇದನ್ನು ಬೇಕಾದಷ್ಟು ಸಲ ನೋಡಿದ್ದೇನೆ.

ಕೊಳ್ಳುವ ಮೊದಲು ನರರೋಗದ ಡಾಕ್ಟರನ್ನು ಕೇಳಿ: ಇದು ಯಾವ ಬಗೆಯ ಫಿಟ್ಸ್? ಮೈ ಸೆಟೆದು ಕೈಕಾಲು ಅದುರುವ ಬಗೆಯಾದರೆ ಮಣಿಕಟ್ಟಿಗೆ ಕಟ್ಟುವ ಸಾಧನ ಸಾಕಾಗಬಹುದು. ಅದು ಮೆದುಳನ್ನು ನೋಡುವುದಿಲ್ಲ, ಕೈಯ ಅದುರು ಮತ್ತು ಚರ್ಮದ ಬೆವರನ್ನು ಗಮನಿಸುತ್ತದೆ. ಎಂಪಾಟಿಕಾ ಕಂಪನಿಯ ಎಂಬ್ರೇಸ್ ಎಂಬ ಇಂಥ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟದ್ದು ಈ ಬಗೆಯ ಫಿಟ್ಸ್‌ಗೆ. ಕೂತಲ್ಲೇ ಕ್ಷಣಕಾಲ ಮಂಕಾಗಿ ದಿಟ್ಟಿಸುವ ಮಕ್ಕಳ ಫಿಟ್ಸ್ ಅದಕ್ಕೆ ಕಾಣುವುದೇ ಇಲ್ಲ. ಅಂಥ ಫಿಟ್ಸ್ ಹಿಡಿಯಲು ತಲೆಗೆ ಅಥವಾ ಕಿವಿಯ ಹಿಂದೆ ಕೂರುವ ಇಇಜಿ ಬೇಕು. ಅದೂ ಪೂರ್ತಿ ನಂಬುವಷ್ಟು ಬೆಳೆದಿಲ್ಲ: 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಮೈ ಸೆಟೆಯುವ ಬಗೆಗೆ ಮಾತ್ರ ಇಂಥ ಸಾಧನಗಳನ್ನು ಶಿಫಾರಸು ಮಾಡಿತು. ಧ್ಯಾನಕ್ಕೆಂದು ಮಾರುವ ಹೆಡ್‌ಬ್ಯಾಂಡ್‌ಗೆ ದುಡ್ಡು ಸುರಿಯಬೇಡಿ.

ಇನ್ನು ಕಟ್ಟುವುದು. ಎಲ್ಲರೂ ಎಡವುವುದು ಇಲ್ಲೇ. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋವೋಲ್ಟ್. ನೆತ್ತಿಯ ಮೇಲೆ ಸಿಗುವ ಮೆದುಳಿನ ಅಲೆ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್ ಅಷ್ಟೇ. ನಡುವೆ ಎಣ್ಣೆಯ ಪದರ ಇದ್ದರೆ ಅದು ದಾಟಿ ಬರುವುದಾದರೂ ಹೇಗೆ?

ಹಿಂದಿನ ದಿನ ಶಾಂಪೂ ಹಾಕಿ ಎರಡು ಸಲ ತಲೆ ತೊಳೆಯಿರಿ. ಕಂಡೀಶನರ್ ಬೇಡ. ಪೂರ್ತಿ ಒಣಗಿಸಿ. ಬಾಚಣಿಗೆಯ ಹಿಡಿಯಿಂದ ಬೈತಲೆ ತೆಗೆದ ಹಾಗೆ ಕೂದಲು ಬಿಡಿಸಿ, ಬಿಳಿ ಚರ್ಮ ಕಾಣಬೇಕು. ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಒರೆಸಿ, ಆರಲು ಬಿಡಿ. ಜೆಲ್ ಹಾಕುವ ಬಗೆಯಾದರೆ ಹೆಸರುಕಾಳಿನಷ್ಟು ಸಾಕು. ಜಾಸ್ತಿ ಹಾಕಿದರೆ ಪಕ್ಕದ ಎಲೆಕ್ಟ್ರೋಡ್‌ನ ಜೆಲ್ ಜೊತೆ ಸೇರಿಕೊಂಡು ಎರಡೂ ಒಂದೇ ಆಗಿಬಿಡುತ್ತವೆ, ಆಮೇಲೆ ಅಲೆಯೇ ಸಿಗುವುದಿಲ್ಲ. ಹೊಟ್ಟೆ ಸ್ಕ್ಯಾನಿಂಗ್‌ಗೆ ಬಳಸುವ ಜೆಲ್ ಅಗ್ಗ ಅಂತ ತರುತ್ತಾರೆ. ಅದರಲ್ಲಿ ಉಪ್ಪಿನಂಶ ಇರುವುದಿಲ್ಲ, ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಬ್ಯಾಂಡಿನ ಕೆಳಗೆ ಮಲ್ಲಿಗೆ ದಂಡೆಯೂ ಬೇಡ, ಕ್ಲಿಪ್ಪೂ ಬೇಡ. ಇಷ್ಟಕ್ಕೆ ಹತ್ತು ನಿಮಿಷ ಹಿಡಿಯುತ್ತದೆ, ಆತುರ ಪಡಬೇಡಿ.

ಕಟ್ಟಿದ ಮೇಲೆ ಆಪ್‌ನಲ್ಲಿ ಪ್ರತಿ ಎಲೆಕ್ಟ್ರೋಡ್ ಹಿಡಿತ ಚೆನ್ನಾಗಿದೆಯಾ ನೋಡಿ. ಮಗುವಿಗೆ ಕಣ್ಣು ಮಿಟುಕಿಸಲು ಹೇಳಿ. ಅಲೆ ಎದ್ದು ಕುಣಿದರೆ ಹಿಡಿತ ಇದೆ ಎಂದರ್ಥ. ಆಮೇಲೆ ಏನಾದರೂ ಅಗಿಯಲು ಕೊಡಿ. ನಮ್ಮ ಕಡೆ ಕಬ್ಬು ಸಿಗಿಯುವಾಗ ದವಡೆಯ ಸ್ನಾಯು ಎಬ್ಬಿಸುವ ಗದ್ದಲ ಮೆದುಳಿನ ಅಲೆಯನ್ನೇ ಮುಚ್ಚಿಬಿಡುತ್ತದೆ. ಸುಳ್ಳು ಅಲಾರಂ ಎಷ್ಟೋ ಸಲ ಬರುವುದು ಇದರಿಂದಲೇ. ಕಾಲ, ಊಟ, ಅಲಾರಂ, ನೀವು ಕಣ್ಣಾರೆ ಕಂಡದ್ದು, ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಡಾಕ್ಟರ್‌ಗೆ ಅದು ಯಂತ್ರದಷ್ಟೇ ಮುಖ್ಯ. ತಲೆಯಲ್ಲಿರುವಾಗ ಚಾರ್ಜ್‌ಗೆ ಹಾಕಬೇಡಿ.

ಫೋನಿನ ಬ್ಯಾಟರಿ ಸೇವರ್‌ನಿಂದ ಆ ಆಪ್ ಹೊರಗಿಡಿ, ಸೈಲೆಂಟ್ ತೆಗೆಯಿರಿ.

ಅಲಾರಂ ಹೊಡೆದರೆ ಓಡಿ ಹೋಗಿ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು ಏನೂ ಬೇಡ. ಕೈಗೆ ಕಬ್ಬಿಣದ ಬೀಗದಕೈ ಕೊಡುವುದರಿಂದ ಏನೂ ಆಗುವುದಿಲ್ಲ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಅಲಾರಂ ಇದೆ ಅಂತ ಮಾತ್ರೆ ಬಿಡಬೇಡಿ.

ಕೊನೆಯದಾಗಿ ಸ್ನಾನ. ಹೆಡ್‌ಬ್ಯಾಂಡ್ ಬಿಚ್ಚಿಡುವುದು ಆಗಲೇ. ಆದರೆ ತಲೆಗೆ ಬಿಸಿನೀರು ಸುರಿದುಕೊಂಡಾಗಲೇ ಬರುವ ಫಿಟ್ಸ್ ನಮ್ಮ ಮೈಸೂರು ಸೀಮೆಯಲ್ಲಿ ಹಳೆಯದು, ಬೆಂಗಳೂರಿನ ವೈದ್ಯರು ದಶಕಗಳಿಂದ ಅದನ್ನು ಅಭ್ಯಾಸ ಮಾಡಿದ್ದಾರೆ. ಆ ಹೊತ್ತಿನಲ್ಲಿ ಯಾವ ಯಂತ್ರವೂ ತಲೆಯ ಮೇಲಿರುವುದಿಲ್ಲ, ಅಲ್ವಾ? ಹಾಗಾಗಿ ಹಂಡೆಯ ಸುಡುನೀರು ಚೊಂಬಿನ ಮೇಲೆ ಚೊಂಬು ಸುರಿಯಬೇಡಿ, ಉಗುರುಬೆಚ್ಚಗಿದ್ದರೆ ಸಾಕು. ಬಚ್ಚಲಿನ ಚಿಲಕ ಹಾಕದೆ ಬಾಗಿಲು ಒರಗಿಸಿ. ಹೊರಗೆ ಒಬ್ಬರು ಇರಲಿ.